ಮೂಗುತಿಯ ಪಕ್ಕದ ಚುಕ್ಕಿ

ನನ್ನ ಹೆಂಡತಿಯ ಮೂಗಿನ ಎಡ ಹೊಳ್ಳೆಯ ಅಂಚು ಈಗ ಇಲ್ಲ. ಅದಿದ್ದ ಜಾಗದಲ್ಲಿ ಕೆನ್ನೆಯಿಂದ ತಿರುಗಿಸಿ ತಂದ ಚರ್ಮವಿದೆ. ವೈದ್ಯರು ಚೆನ್ನಾಗಿಯೇ ಹೊಲಿದಿದ್ದಾರೆ. ಹೊಸಬರು ನೋಡಿದರೆ ಚಿಕ್ಕಂದಿನಲ್ಲಿ ಎಲ್ಲೋ ಬಿದ್ದು ಗಾಯ ಮಾಡಿಕೊಂಡಿದ್ದಳೇನೋ ಅಂದುಕೊಳ್ಳುತ್ತಾರೆ. ಕಾಯಿಲೆ ಬಂದದ್ದು ನನ್ನಿಂದಲ್ಲ. ಆದರೆ ಅದು ಅಷ್ಟು ದೊಡ್ಡದಾಗುವ ತನಕ ಅಲ್ಲೇ ಉಳಿದದ್ದು ನನ್ನಿಂದ.

ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಕಾರವಾರದ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿದವನು. ಅಲ್ಲೇ ಫ್ಯಾನಿನ ಕೆಳಗೆ ಕೂತು ನಿವೃತ್ತನಾದೆ. ಮನೆ ಕೋಡಿಬಾಗದಲ್ಲಿ, ಕಾಳಿ ನದಿಯ ದಂಡೆಗೆ ಹತ್ತಿರ. ನಮಗೆ ಮಕ್ಕಳಿಲ್ಲ. ಹೆಂಡತಿ ಅಂಕೋಲೆಯ ಕಡೆಯವಳು, ಬೇಸಾಯದ ಮನೆಯಲ್ಲಿ ಬೆಳೆದವಳು. ಸುಮ್ಮನೆ ಕೂರಲು ಅವಳಿಗೆ ಬಾರದು. ಕದ್ವಾಡದಲ್ಲಿ ನಮ್ಮದೊಂದು ತುಂಡು ಜಾಗವಿತ್ತು. ಮದುವೆಯಾದಂದಿನಿಂದ ಅಲ್ಲಿ ಹರಿವೆ, ಬದನೆ, ಮೂಲಂಗಿ, ಗೆಣಸು ಬೆಳೆದು ಕಾರವಾರದ ರವಿವಾರದ ಸಂತೆಗೆ ತಂದು ಮಾರುತ್ತಿದ್ದಳು. ಬೆಳಿಗ್ಗೆ ಹೋದರೆ ಬಿಸಿಲು ಇಳಿದ ಮೇಲೆಯೇ ಮನೆ. ತಲೆಯ ಮೇಲೊಂದು ಸೆರಗು, ಅಷ್ಟೇ.

ಅವಳ ಮೂಗುತಿ ಅವಳ ತಾಯಿಯದಾಗಿತ್ತು. ಹಳೆಯ ಚಿನ್ನ, ನಡುವೆ ಕೆಂಪು ಹರಳು, ಸುತ್ತ ಬಿಳಿ ಹರಳುಗಳು. ತಾಯಿ ಹಾಸಿಗೆ ಹಿಡಿದಾಗ ತನ್ನ ಕೈಯಾರೆ ಬಿಚ್ಚಿ ಇವಳಿಗೆ ಕೊಟ್ಟದ್ದು. ನಾನು ನಿವೃತ್ತನಾದ ಮೇಲಿನ ಒಂದು ಬೇಸಿಗೆಯಲ್ಲಿ ಅದರ ತಿರುಪು ಸವೆದು ಸಡಿಲವಾಯಿತು. ಅವಳು ಅದನ್ನು ಬಿಚ್ಚಿ, ತೂತು ಮುಚ್ಚಬಾರದೆಂದು ಕಸಬರಿಗೆಯ ಕಡ್ಡಿಯ ಸಣ್ಣ ತುಂಡೊಂದನ್ನು ಮೂಗಿಗೆ ಸಿಕ್ಕಿಸಿಕೊಂಡು, ಮೂಗುತಿಯನ್ನು ಕಾಗದದಲ್ಲಿ ಮಡಚಿ ನನ್ನ ಕೈಗಿತ್ತಳು.

“ಅಂಕೋಲೆ ಶೇಟರ ಹತ್ರನೇ ಕೊಡಿ. ನಮ್ಮಪ್ಪನ ಕಾಲದಿಂದ ಚಿನ್ನದ ಕೆಲಸ ಅವ್ರೇ ಮಾಡೂದು. ದಾರೀಲಿ ಮತ್ತೆಲ್ಲೂ ನಿಂತ್ಕಣಬೇಡಿ.”

ನಾನು ನಿಂತೆ. ಇಶಾಡ ಮಾವಿನ ಕಾಲ. ಅಂಕೋಲೆಯಲ್ಲಿ ಬಸ್ಸಿಳಿದರೆ ರಸ್ತೆಯ ಬದಿಗೆ ಬುಟ್ಟಿಗಳ ಸಾಲು, ಗಾಳಿಯಲ್ಲೆಲ್ಲ ಅದೇ ವಾಸನೆ. ಒಂದು ಬುಟ್ಟಿಯ ಮುಂದೆ ಬಗ್ಗಿ ಹಣ್ಣು ಒತ್ತಿ ನೋಡಿದೆ, ಇನ್ನೊಂದರ ಮುಂದೆ ಬಗ್ಗಿದೆ. ಒಂದಿಷ್ಟು ಆರಿಸಿ ಚೀಲ ತುಂಬಿಕೊಂಡು ಶೇಟರ ಅಂಗಡಿಯ ಮೆಟ್ಟಿಲು ಹತ್ತಿ ಅಂಗಿಯ ಜೇಬಿಗೆ ಕೈಹಾಕಿದರೆ ಕಾಗದವೇ ಇಲ್ಲ. ಮರಳಿ ಓಡಿದೆ. ಬುಟ್ಟಿಗಳ ಕೆಳಗಿನ ಒಣಹುಲ್ಲನ್ನು ಕೆದಕಿದೆ. ಹಣ್ಣು ಮಾರುವವಳು ಕೈ ಅಡ್ಡ ಹಿಡಿದು, “ಎಂತಾ ಒಡೆಯಾ, ಬುಟ್ಟೀಲಿ ಹಲ್ಲು ಬಿತ್ತಾ?” ಎಂದಳು. ಸುತ್ತಲಿನವರು ನಕ್ಕರು. ಚಿನ್ನ ಬಿದ್ದಿದೆ ಎಂದರೆ ಯಾರಾದರೂ ಎತ್ತಿಕೊಂಡಾರು ಎಂಬ ಹೆದರಿಕೆಯಲ್ಲಿ, “ಚಿಲ್ಲರೆ ಬಿತ್ತು” ಎಂದೆ. ಮೊದಲ ಸುಳ್ಳು ಅದೇ. ನಿಜ ಹೇಳಿದ್ದರೆ ಅವರೆಲ್ಲ ಸೇರಿ ಹುಡುಕುತ್ತಿದ್ದರೋ ಏನೋ.

ಸಂಜೆಯ ತನಕ ಹುಡುಕಿ, ಕೊನೆಗೆ ಪೇಟೆಯ ಫ್ಯಾನ್ಸಿ ಅಂಗಡಿಯೊಂದರಲ್ಲಿ ಸುಮಾರಾಗಿ ಹಾಗೇ ಕಾಣುವ ಒಂದು ಮೂಗುತಿ ಕೊಂಡೆ. ಚಿನ್ನದ ನೀರು ಕುಡಿಸಿದ್ದು. ಮನೆಗೆ ಬಂದು ನಾನೇ ಅವಳ ಮೂಗಿಗೆ ಅದನ್ನು ಹಾಕಿದೆ.

“ಹಗುರ ಆದ ಹಾಂಗೆ ಅದ್ಯಲ್ರೀ,” ಎಂದಳು.

“ತಿರುಪು ಹೊಸದು. ಪಾಲಿಶ್ ಬೇರೆ ಮಾಡಿದ್ದಾರೆ,” ಎಂದೆ.

ಅವಳು ಕನ್ನಡಿಯಲ್ಲಿ ಒಮ್ಮೆ ನೋಡಿಕೊಂಡು, ಹೊಳಪು ಚೆನ್ನಾಗಿದೆ ಎಂದು ಹೇಳಿ, ಹಣ್ಣು ಹೆಚ್ಚಲು ಕೂತಳು. ಆ ವರ್ಷದ ಇಶಾಡ ಬಹಳ ಸಿಹಿ ಎಂದು ನೆರೆಯವರಿಗೂ ಕೊಟ್ಟು ಬಂದಳು.

ಒಂದೆರಡು ವರ್ಷ ಏನೂ ಆಗಲಿಲ್ಲ. ನಾನೂ ಮರೆತಂತೆ ಇದ್ದೆ. ಆಮೇಲೆ ಮೂಗುತಿಯ ಪಕ್ಕದಲ್ಲಿ ಸಣ್ಣದೊಂದು ಚುಕ್ಕಿ ಎದ್ದಿತು. ಕಪ್ಪು, ಆದರೆ ಮಣಿಯ ಹಾಗೆ ಹೊಳೆಯುತ್ತಿತ್ತು. ನೋವಿಲ್ಲ, ತುರಿಕೆಯಿಲ್ಲ. ಪಕ್ಕದ ಮನೆಯಾಕೆ ಮನೆಯಲ್ಲಿ ಕೊಂಕಣಿ ಆಡುವವರು. ಅಣ್ಣ ಅತ್ತಿಗೆಯರ ಲೆಕ್ಕದಲ್ಲಿ ನನ್ನನ್ನು ದಾದಾ ಎಂದೂ ಇವಳನ್ನು ವೈನಿ ಎಂದೂ ಕರೆಯುತ್ತಾರೆ. ಅವರು ಚುಕ್ಕಿ ನೋಡಿ ನಕ್ಕಿದ್ದರು.

“ಎಂತಾ ವೈನಿ, ಒಂದು ಮೂಗುತಿ ಸಾಕಾಗ್ಲಿಲ್ಲಾ? ದಾದಾ ಎರಡನೇದು ಮಾಡಿಸ್ಕೊಟ್ರಾ?”

“ಅವ್ರಾ? ಒಂದಕ್ಕೆ ತಿರುಪು ಹಾಕಿಸುಕೇ ಇಡೀ ದಿವಸ ಅಂಕೋಲೇಲಿ ಕೂತಿದ್ರು!”

ಹೆಂಗಸರಿಬ್ಬರೂ ನಕ್ಕರು. ನಾನು ಪೇಪರು ಓದುತ್ತಿದ್ದೆ.

ವಯಸ್ಸಾದ ಮೇಲೆ ಮುಖದಲ್ಲಿ ಮಚ್ಚೆ ಎದ್ದರೆ ಒಳ್ಳೆಯದು ಎಂದು ಯಾರೋ ಅಂದರು. ಆದರೆ ಈ ಮಚ್ಚೆ ನಿಧಾನವಾಗಿ ಹರಡಿತು. ನಡುವೆ ಸಣ್ಣ ಗುಳಿ ಬಿದ್ದು, ಸುತ್ತ ದಾರ ಸುರುಳಿ ಸುತ್ತಿಟ್ಟಂಥ ಅಂಚು ಎದ್ದಿತು. ಮುಖ ತೊಳೆಯುವಾಗ ರಕ್ತ ಬರುತ್ತಿತ್ತು. ಹಕ್ಕಳೆ ಕಟ್ಟಿ ಒಣಗಿ ಉದುರುತ್ತಿತ್ತು. ವಾಸಿಯಾಯಿತು ಎನ್ನುವಷ್ಟರಲ್ಲಿ ಮತ್ತೆ ರಕ್ತ.

ನಮ್ಮ ಕಡೆ ಇದಕ್ಕೊಂದು ತಿಳುವಳಿಕೆ ಇದೆ. ಕಿವಿಯದೋ ಮೂಗಿನದೋ ತೂತು ಹುಣ್ಣಾದರೆ ಚಿನ್ನದಲ್ಲಿ ಕಲಬೆರಕೆ ಇದೆ, ಆ ಚಿನ್ನ ಆಗಿಬರುವುದಿಲ್ಲ ಎನ್ನುತ್ತಾರೆ. ನನ್ನ ಹೆಂಡತಿಯೂ ಅದನ್ನೇ ಹೇಳಿದಳು.

“ಅಮ್ಮನ ಚಿನ್ನ ನಂಗೆ ಎಂತಕೆ ಆಗಿಬರ್ಲಿಲ್ಲ ಅಂತ? ಶೇಟರಿಗೆ ಒಂದ್ಸಲ ತೋರಿಸ್ವ. ಬೇಕಾದ್ರೆ ಉಜ್ಜಿ ನೋಡ್ಲಿ.”

ಹುಣ್ಣು ಆ ಮೂಗುತಿಯಿಂದಲೇ ಎಂದು ನನಗೆ ಅವಳಿಗಿಂತ ಹೆಚ್ಚು ಖಾತ್ರಿಯಾಗಿತ್ತು. ಅದು ಚಿನ್ನವಲ್ಲ ಎಂದು ತಿಳಿದವನು ನಾನೊಬ್ಬನೇ. ಶೇಟರ ಒರೆಗಲ್ಲಿಗೆ ಉಜ್ಜಿದರೆ ಬಯಲಾಗುತ್ತದೆ. ವೈದ್ಯರಲ್ಲಿಗೆ ಹೋದರೂ ಮೊದಲು ಮೂಗುತಿ ಬಿಚ್ಚಿಸಿ, ಇದು ಯಾವ ಲೋಹ ಎಂದು ಕೇಳಿಯಾರು. ಆದ್ದರಿಂದ ಎರಡೂ ದಾರಿಗೆ ನಾನು ಅಡ್ಡ ನಿಂತೆ.

ಬಿಚ್ಚಿಟ್ಟು ನೋಡಲೇ ಎಂದು ಅವಳು ಕೇಳಿದಾಗ, “ಮುತ್ತೈದೆ ಮೂಗು ಬರಿದು ಮಾಡ್ಕೊಂಡು ತಿರುಗೂದಾ? ನಾ ಇನ್ನೂ ಬದುಕಿದ್ದೆ ಮಾರಾಯ್ತಿ,” ಎಂದೆ. ಅವಳ ಬಾಯಿ ಮುಚ್ಚಿಸಲು ಅದಕ್ಕಿಂತ ಬೇರೆ ಮಾತು ಬೇಕಿರಲಿಲ್ಲ. ತೆಂಗಿನೆಣ್ಣೆಯಲ್ಲಿ ಅರಿಶಿನ ಕಲಸಿ ನಾನೇ ಹಚ್ಚಿದೆ. ಔಷಧಿ ಅಂಗಡಿಯಿಂದ ಮುಲಾಮಿನ ಟ್ಯೂಬು ತಂದೆ, ಅದು ಮುಗಿದರೆ ಬೇರೆಯದು. ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತಾರೆ ಎಂದು ಅವಳು ನೆರೆಯವರಲ್ಲಿ ಹೊಗಳಿದಳು. ಹೀಗೆ ಎರಡು ಮಳೆಗಾಲ ಹೋಯಿತು.

ಕೊನೆಗೆ ಪಕ್ಕದ ಮನೆಯಾಕೆ ಒಂದು ಬೆಳಿಗ್ಗೆ ಅಂಗಳದಲ್ಲೇ ನನ್ನನ್ನು ನಿಲ್ಲಿಸಿದರು. “ದಾದಾ, ಇದು ಅರಿಶಿನಕ್ಕೆ ಹೋಗೂದಲ್ಲ. ಹೊಳ್ಳೆ ತಿಂದ ಹಾಂಗೆ ಕಾಣ್ತದೆ. ನೀವು ವೈನಿನ ಕರ್ಕೊಂಡು ಹೋಗ್ತ್ರಾ, ನಾ ಕರ್ಕೊಂಡು ಹೋಗ್ಲಾ?”

ನಾನೇ ಕರೆದುಕೊಂಡು ಹೋದೆ. ಹೊರಡುವ ಮುಂಚೆ, ಡಾಕ್ಟರರು ಹೇಗೂ ಬಿಚ್ಚಿಸುತ್ತಾರೆ ಎಂದು ಹೇಳಿ ಮೂಗುತಿ ತೆಗೆಸಿ ಜೇಬಿಗೆ ಹಾಕಿಕೊಂಡೆ. ಅದೇ ಸಂಜೆ ಅದನ್ನು ಕಾಳಿ ನದಿಗೆ ಎಸೆದೆ.

ಚರ್ಮದ ಡಾಕ್ಟರಮ್ಮ ಇನ್ನೂ ಚಿಕ್ಕ ವಯಸ್ಸಿನವರು. ದೀಪ ಹತ್ತಿರ ತಂದು, ದೊಡ್ಡದಾಗಿ ತೋರಿಸುವ ಗಾಜು ಹಿಡಿದು ಬಹಳ ಹೊತ್ತು ನೋಡಿದರು.

“ಎಷ್ಟು ದಿನದಿಂದ ಇದೆ?”

“ಎರಡು ಮೂರು ತಿಂಗಳು,” ಎಂದೆ ನಾನು.

“ಅಲ್ಲ ಡಾಕ್ಟ್ರೆ, ಎರಡು ಮಳೆಗಾಲ ಕಳೀತು,” ಎಂದಳು ಇವಳು.

“ಬಿಸಿಲಲ್ಲಿ ಕೆಲಸ ಮಾಡ್ತಾರಾ?”

“ಇಲ್ಲ, ಮನೆಯಲ್ಲೇ ಇರ್ತಾಳೆ.”

ಇವಳು ನನ್ನ ಮುಖವನ್ನೇ ನೋಡಿದಳು. “ಮತ್ತೆ ಕದ್ವಾಡದ ಗೆಣಸು ಯಾರು ನೆಟ್ಟದ್ದು, ನಿಮ್ಮ ಆಫೀಸಿನ ಸಾಹೇಬ್ರಾ?” ಡಾಕ್ಟರಮ್ಮನಿಗೆ ನಗು ತಡೆಯಲಾಗಲಿಲ್ಲ. ಈ ಸಲ ನಾನು ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಇವಳು ಬಿಸಿಲಲ್ಲಿ ಇರುತ್ತಾಳೆ ಎಂಬುದೇ ನನಗೆ ನೆನಪಾಗಿರಲಿಲ್ಲ.

ಮರಗಟ್ಟಿಸುವ ಸೂಜಿ ಕೊಟ್ಟು ಹುಣ್ಣಿನ ಅಂಚಿನಿಂದ ಅಕ್ಕಿಕಾಳಿನಷ್ಟು ತುಂಡು ತೆಗೆದು ಪರೀಕ್ಷೆಗೆ ಕಳಿಸಿದರು. ವರದಿ ಬಂದ ದಿನ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದರು: ಇದು ಚರ್ಮದ ಕ್ಯಾನ್ಸರ್. ಹೆಸರು ಬೇಸಲ್ ಸೆಲ್ ಕಾರ್ಸಿನೋಮಾ. ಚರ್ಮದ ಮೇಲ್ಪದರದ ಬುಡದಲ್ಲಿರುವ ಜೀವಕೋಶಗಳಿಂದ ಹುಟ್ಟುತ್ತದೆ. ಚರ್ಮದ ಕ್ಯಾನ್ಸರುಗಳಲ್ಲಿ ಬಹಳ ಸಾಮಾನ್ಯವಾದದ್ದು, ಬಿಳಿಯರಿಗೆ ಹೆಚ್ಚು ಬರುತ್ತದೆ. ನಮ್ಮ ಬಣ್ಣದವರಲ್ಲಿ ಇದು ಎಷ್ಟೋ ಸಲ ಕಪ್ಪಾಗಿ ಎದ್ದು ಮಚ್ಚೆಯ ಹಾಗೆ ಕಾಣುತ್ತದೆ, ಅದಕ್ಕೇ ಜನ ತಡವಾಗಿ ಬರುತ್ತಾರೆ. ವರ್ಷಗಟ್ಟಲೆ ಮುಖಕ್ಕೆ ಬಿದ್ದ ಬಿಸಿಲು ಇದಕ್ಕೆ ಮುಖ್ಯ ಕಾರಣ.

ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಡಾಕ್ಟರಮ್ಮ ಅವಳ ಕೈ ಹಿಡಿದುಕೊಂಡರು. “ಅಮ್ಮ, ಕ್ಯಾನ್ಸರ್ ಅಂದ ಕೂಡಲೇ ಎಲ್ಲ ಮುಗೀತು ಅಂದ್ಕೋಬೇಡಿ. ಇದು ಮೈಯೆಲ್ಲ ಓಡಾಡೋದು ಬಹಳ ಅಪರೂಪ. ಕೂತಲ್ಲೇ ಕೂತು ತಿನ್ನೋ ಕ್ಯಾನ್ಸರ್. ಪೂರ್ತಿ ತೆಗೆದುಬಿಟ್ರೆ ಹೆಚ್ಚಿನವರಿಗೆ ವಾಸಿಯಾಗ್ತದೆ. ಯಾರಿಗೂ ಅಂಟೋದೂ ಇಲ್ಲ.”

“ಮೂಗುತಿಯಿಂದ ಬಂದದ್ದಲ್ವಾ ಡಾಕ್ಟ್ರೆ?”

“ಇದಕ್ಕೂ ಮೂಗುತಿಗೂ ಸಂಬಂಧ ಇಲ್ಲ.”

ಈ ಮಾತು ಕೇಳಿದಾಗ ನನಗೆ ಸಂತೋಷವಾಯಿತು. ಅದನ್ನೇ ನಾನು ಇಲ್ಲಿ ಹೇಳಬೇಕಾದದ್ದು. ಪಕ್ಕದಲ್ಲಿ ಕೂತ ಹೆಂಡತಿ ತನಗೆ ಕ್ಯಾನ್ಸರ್ ಎಂದು ಆಗಷ್ಟೇ ತಿಳಿದು ನಡುಗುತ್ತಿದ್ದಳು. ನನ್ನ ಮೈಯೋ, ತಲೆಯ ಮೇಲಿನ ಹೊರೆ ಇಳಿಸಿದಂತೆ ಹಗುರವಾಯಿತು. ನಾನು ಉಸಿರು ಬಿಟ್ಟದ್ದು ಡಾಕ್ಟರಮ್ಮನಿಗೂ ಕೇಳಿರಬೇಕು. ಗಂಡನಿಗೆ ಧೈರ್ಯ ಬಂತು ಎಂದುಕೊಂಡಿರಬಹುದು.

ಆಮೇಲೆ ಅವರು ಹೇಳಿದ ಮಾತು ಬೇರೆ. “ಕಡ್ಲೆಕಾಳಿನಷ್ಟು ಇದ್ದಾಗ ಬಂದಿದ್ರೆ ಸಣ್ಣದಾಗಿ ಕೊಯ್ದು ಎರಡು ಮೂರು ಹೊಲಿಗೆ ಹಾಕಿದ್ರೆ ಮುಗೀತಿತ್ತು. ಕೆಲವರಿಗೆ ಮುಲಾಮಲ್ಲೇ ಹೋಗೋದೂ ಉಂಟು. ಈಗ ಇದು ಹೊಳ್ಳೆಯ ಅಂಚು ತಿಂದು ಒಳಗೆ ಹೋಗಿದೆ. ಗೋವಾಕ್ಕೆ ಬರೆದುಕೊಡ್ತೇನೆ.”

ಗೋವಾದ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಆಯಿತು. ಹುಣ್ಣಿನ ಜೊತೆ ಸುತ್ತಲಿನ ಒಳ್ಳೆಯ ಚರ್ಮವನ್ನೂ ಒಂದಿಷ್ಟು ತೆಗೆದರು. ತೆಗೆದ ತುಂಡಿನ ಅಂಚುಗಳಲ್ಲಿ ಕಾಯಿಲೆ ಉಳಿದಿದೆಯೇ ಎಂದು ನೋಡಿ, ಇಲ್ಲವೆಂದು ಖಾತ್ರಿಯಾದ ಮೇಲೆ ಕೆನ್ನೆಯ ಮಡಿಕೆಯ ಚರ್ಮವನ್ನು ತಿರುಗಿಸಿ ಮೂಗಿಗೆ ಹೊಲಿದರು. ಕೆಲವು ವಾರಗಳ ನಂತರ ಇನ್ನೊಂದು ಸಲ ಹೋಗಿ ಅದನ್ನು ಸರಿಪಡಿಸಿಕೊಂಡು ಬಂದೆವು. ಒಳ್ಳೆಯ ಚರ್ಮ ಏಕೆ ತೆಗೆದರು ಎಂದು ಪಕ್ಕದ ಮನೆಯಾಕೆ ಕೇಳಿದಾಗ ಇವಳೇ ವಿವರಿಸಿದಳು.

“ಕಳೆ ಕೀಳುವಾಗ ಸುತ್ತಿನ ಮಣ್ಣೂ ಒಂದು ಹಿಡಿ ತೆಗೀತ್ವಲ್ಲ, ಹಾಂಗೆ. ಬೇರು ಉಳುದ್ರೆ ಮತ್ತೆ ಚಿಗುರ್ತದೆ.”

ಇನ್ನು ವರ್ಷಗಳ ಕಾಲ ಆಗಾಗ ತೋರಿಸುತ್ತಿರಬೇಕು, ಒಮ್ಮೆ ಬಂದವರಿಗೆ ಬೇರೆ ಕಡೆ ಹೊಸದು ಏಳಬಹುದು ಎಂದು ವೈದ್ಯರು ಎಚ್ಚರಿಸಿದ್ದರು. ಅಗಲ ಅಂಚಿನ ಟೋಪಿ ಇಲ್ಲದೆ ಬಿಸಿಲಿಗೆ ಹೋಗಬಾರದು. ತಿಂಗಳಿಗೊಮ್ಮೆ ಹಗಲು ಬೆಳಕಿನಲ್ಲಿ ಮುಖ, ಕಿವಿ, ಕತ್ತು, ಬೆನ್ನು ಎಲ್ಲ ನೋಡಬೇಕು. “ತಮಗೆ ತಾವೇ ನೋಡಿಕೊಳ್ಳುವುದು ಕಷ್ಟ. ಇದು ನಿಮ್ಮ ಕೆಲಸ,” ಎಂದು ನನಗೆ ಹೇಳಿದ್ದರು.

ನಾನು ಆ ಕೆಲಸ ಶ್ರದ್ಧೆಯಿಂದ ಮಾಡಿದೆ. ಜಗಲಿಯ ತುದಿಯಲ್ಲಿ ಅವಳು ಕೂರುವಳು, ನಾನು ಕನ್ನಡಕ ಹಾಕಿಕೊಂಡು ಬಗ್ಗಿ ನೋಡುವೆ. ಮದುವೆಯಾಗಿ ಅಷ್ಟು ವರ್ಷದಲ್ಲಿ ಅವಳ ಮುಖವನ್ನು ಅಷ್ಟು ಹತ್ತಿರದಿಂದ, ಅಷ್ಟು ಹೊತ್ತು ನೋಡಿದ್ದು ಆಗಲೇ. ಅವಳಿಗೆ ನಾಚಿಕೆ. “ಸಾಕು ಮಾಡಿ, ಹೆಣ್ಣು ನೋಡುಕೆ ಬಂದವ್ರ ಹಾಂಗೆ!” ಎನ್ನುವಳು. ಆ ಕೆಲವು ತಿಂಗಳು ನಾವು ಚೆನ್ನಾಗಿದ್ದೆವು.

ಆಗ ಅವಳ ತಮ್ಮನ ಮಗಳಿಗೆ ಮದುವೆ ಗೊತ್ತಾಯಿತು. ಒಂದು ಮಧ್ಯಾಹ್ನ ಊಟ ಬಡಿಸುತ್ತ ಹೇಳಿದಳು: “ನಂಗಂತೂ ಇನ್ನು ಮೂಗುತಿ ಹಾಕೂಕಾಗೂದಿಲ್ಲ. ಅಮ್ಮನ ಮೂಗುತಿ ಆ ಹುಡುಗಿಗೆ ಕೊಡ್ವ. ಪಾಪದ್ದು, ಅದ್ರ ತಪ್ಪಿಲ್ದೇ ಇಷ್ಟು ದಿವ್ಸ ಬೈದೆ. ಎಲ್ಲಿ ಇಟ್ರಿ?”

“ಪೆಟ್ಟಿಗೆಯಲ್ಲಿದೆ, ತೆಗೆದುಕೊಡ್ತೆ,” ಎಂದೆ.

ಮರುದಿನ ಅಂಕೋಲೆಗೆ ಹೋದೆ. ಅಂಥದ್ದೇ ಒಂದನ್ನು ನಿಜವಾದ ಚಿನ್ನದಲ್ಲಿ ಮಾಡಿಸಿ ಕೊಟ್ಟುಬಿಡುವುದು, ಇಲ್ಲಿಗೆ ಇದು ಮುಗಿಯಲಿ ಎಂಬ ಯೋಚನೆ. ಶೇಟರು ಕನ್ನಡಕ ಏರಿಸಿ, “ಹಳೇದು ಹೇಗಿತ್ತು ಹೇಳಿ. ಸುತ್ತ ಹರಳು ಎಷ್ಟಿತ್ತು?” ಎಂದು ಕೇಳಿದರು.

ನನಗೆ ಗೊತ್ತಿರಲಿಲ್ಲ. ಮೂಗುತಿ ಹಾಕಿಕೊಂಡವಳಿಗೆ ಅದು ಕಾಣುವುದಿಲ್ಲ, ದಿನಾ ಎದುರಿಗಿದ್ದವನು ನಾನು. ಆರೋ, ಏಳೋ, ಎಂಟೋ. ಕಣ್ಣು ಮುಚ್ಚಿದರೆ ಕೆಂಪು ಹರಳು ಬರುತ್ತಿತ್ತು, ಸುತ್ತಲಿನದು ಬರುತ್ತಿರಲಿಲ್ಲ. ಶೇಟರು ಕಾಗದದ ಮೇಲೆ ಪೆನ್ಸಿಲು ಹಿಡಿದು ಕಾಯುತ್ತಿದ್ದರು. ನಾಳೆ ಬರುತ್ತೇನೆ ಎಂದು ಹೇಳಿ ಎದ್ದುಬಂದೆ. ಬಸ್ಸಿನಲ್ಲಿ ಕೂತಾಗ ಮುಂದಿನ ದಾರಿ ಒಂದೇ ಎಂದು ತಿಳಿದಿತ್ತು.

ಮನೆಗೆ ಬಂದಾಗ ಅವಳು ಹಿತ್ತಲಲ್ಲಿ ಹರಿವೆ ಸೊಪ್ಪು ಬಿಡಿಸುತ್ತಿದ್ದಳು. ಎದುರಿಗೆ ಕುಕ್ಕರಗಾಲಿನಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಮಾವಿನ ಬುಟ್ಟಿ, ಫ್ಯಾನ್ಸಿ ಅಂಗಡಿ, ಶೇಟರಲ್ಲಿಗೆ ಹೋಗದಂತೆ ತಡೆದದ್ದು, ಮುತ್ತೈದೆಯ ಮಾತು, ನದಿಗೆ ಎಸೆದದ್ದು. ಡಾಕ್ಟರಮ್ಮನ ಮುಂದೆ ಸಂತೋಷವಾದದ್ದನ್ನೂ ಹೇಳಿದೆ. ಅದನ್ನು ಬಿಟ್ಟಿದ್ದರೆ ಹೇಳಿದ್ದೂ ಸುಳ್ಳೇ ಆಗುತ್ತಿತ್ತು.

ಅವಳು ಸೊಪ್ಪಿನ ದಂಟು ಮುರಿಯುವುದನ್ನು ನಿಲ್ಲಿಸಲಿಲ್ಲ. ಕೈಯಲ್ಲಿದ್ದ ಕಟ್ಟು ಮುಗಿಸಿ ಕೇಳಿದಳು.

“ಕಳೀತು ಅಂತ ಹೇಳಿದ್ರೆ ನಾ ಎಂತಾ ಮಾಡ್ತಿದ್ದೆ? ಎರಡು ದಿವ್ಸ ಅಳ್ತಿದ್ದೆ. ನಾಲ್ಕು ದಿವ್ಸ ಬೈತಿದ್ದೆ. ಅಷ್ಟೇ ಅಲ್ದಾ?”

“ಹೌದು.”

“ಮೂಗುತಿ ಹೋದ್ರೆ ಹೋಯ್ತು. ನನ್ನ ಮೂಗು ಹೋಯ್ತಲ್ರೀ. ರಕ್ತ ಸೋರೂದು ನೋಡ್ತಾ ನೋಡ್ತಾ ಎದ್ರಿಗೆ ಕೂತು ಊಟ ಮಾಡಿದ್ರಲ್ಲ, ಗಂಟಲಲ್ಲಿ ಹೇಗೆ ಇಳೀತು ನಿಮ್ಗೆ?”

ಅವಳು ಸೊಪ್ಪಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ಅಂದು ರಾತ್ರಿ ಹರಿವೆಯ ಸಾಂಬಾರು ಮಾಡಿ ನನಗೆ ಬಡಿಸಿದಳು. ತಾನು ಆಮೇಲೆ ಉಂಡಳು.

ಬಿಟ್ಟು ಹೋಗಲಿಲ್ಲ, ಜಗಳವಾಡಲಿಲ್ಲ, ಬೇರೆಯವರಿಗೆ ಹೇಳಲೂ ಇಲ್ಲ. ಅಡಿಗೆಯಾಗಿದೆ, ಗ್ಯಾಸ್ ಮುಗಿದಿದೆ, ಇಂದು ಬಂಗಡೆ ಒಳ್ಳೆಯದು ಸಿಕ್ಕಿತು, ಇಂಥ ಮಾತುಗಳೆಲ್ಲ ನಡೆಯುತ್ತಿದ್ದವು. ಆದರೆ ಮುಂದಿನ ತಿಂಗಳು ನಾನು ಕನ್ನಡಕ ಒರೆಸಿಕೊಂಡು ಜಗಲಿಗೆ ಬಂದರೆ ಅವಳಿರಲಿಲ್ಲ. ಬೇಲಿಯಾಚೆ, ಪಕ್ಕದ ಮನೆಯ ಮೆಟ್ಟಿಲ ಮೇಲೆ ಕೂತಿದ್ದಳು. ಪಕ್ಕದ ಮನೆಯಾಕೆ ಅವಳ ಕಿವಿಯ ಹಿಂದೆ ಕೂದಲು ಸರಿಸಿ ನೋಡುತ್ತಿದ್ದರು. ಗೋವಾಕ್ಕೂ ಅವರ ಜೊತೆಗೇ ಹೋಗತೊಡಗಿದಳು. ನಾನು ಬಸ್‌ಸ್ಟ್ಯಾಂಡಿನ ತನಕ ಚೀಲ ಹಿಡಿದುಕೊಂಡು ಹೋಗಿ, ಬಸ್ಸು ಹೊರಟ ಮೇಲೆ ಮನೆಗೆ ಬಂದು ಕೂರುತ್ತಿದ್ದೆ. ವರದಿ ಚೆನ್ನಾಗಿದೆ ಎಂಬ ಸುದ್ದಿ ನನಗೆ ಬೇಲಿಯ ಆಚೆಯಿಂದ ಬರುತ್ತಿತ್ತು: “ದಾದಾ, ಎಲ್ಲ ಬರೋಬ್ಬರ್ ಅದೆ!” ಅವಳ ಮುಖ ಈಗ ಹೇಗಿದೆ ಎಂದು ಹತ್ತಿರದಿಂದ ಬಲ್ಲವರು ಅವರು. ಒಂದೇ ಮನೆಯಲ್ಲಿ ಇಬ್ಬರಿದ್ದೂ ನಾನು ಒಬ್ಬನೇ ಇದ್ದೆ. ಇದನ್ನು ಯಾರ ಮುಂದೆ ದೂರಲಿ?

ಹಾಗೆ ವರ್ಷಗಳು ಹೋದವು. ಒಂದು ಸಲ ಪಕ್ಕದ ಮನೆಯಾಕೆ ಮಗಳ ಬಾಣಂತನಕ್ಕೆಂದು ಪರವೂರಿಗೆ ಹೋಗಿ ಬಹಳ ಕಾಲ ಅಲ್ಲೇ ಉಳಿದರು. ತಿಂಗಳಿಗೊಮ್ಮೆ ಮುಖ, ಕಿವಿ ನೋಡುವ ದಿನ ಬಂತು. ಹೆಂಡತಿ ಜಗಲಿಯಲ್ಲಿ ಕೂತು, ಗೋಡೆಯ ಕನ್ನಡಿಗೆ ಬೆನ್ನು ಮಾಡಿ, ಕೈಯಲ್ಲೊಂದು ಸಣ್ಣ ಕನ್ನಡಿ ಹಿಡಿದು ಕಿವಿಯ ಹಿಂಬದಿ ನೋಡಲು ಹೆಣಗುತ್ತಿದ್ದಳು. ಕತ್ತು ತಿರುಗಿಸಿದರೆ ಕನ್ನಡಿ ತಪ್ಪುತ್ತಿತ್ತು. ನಾನು ಬಾಗಿಲ ಒಳಗೆ ನಿಂತಿದ್ದೆ. ಕರೆಯದೆ ಹೋಗಲು ಧೈರ್ಯವಿರಲಿಲ್ಲ.

ಕಡೆಗೆ ಅವಳು ಕನ್ನಡಿ ಕೆಳಗಿಟ್ಟು, ತಿರುಗದೆಯೇ ಹೇಳಿದಳು: “ಎಂತಾದ್ರೂ ಅದ್ಯಾ ನೋಡಿ.”

ಹೋಗಿ ಕೂದಲು ಸರಿಸಿದೆ. ಬಲ ಕಿವಿಯ ಹಿಂದೆ, ಕೂದಲ ಬುಡದಲ್ಲಿ, ಕಪ್ಪಗಿನ ಒಂದು ಚುಕ್ಕಿ. ಹಳೆಯದೋ ಹೊಸದೋ ತಿಳಿಯಲಿಲ್ಲ. ಅವಳು ಉಸಿರು ಬಿಗಿಹಿಡಿದು ಕೂತಿದ್ದಳು. ಏನಿಲ್ಲ ಎಂದು ಬಿಡುವುದು ಎಷ್ಟು ಸುಲಭ, ಅವಳಿಗೂ ಎಷ್ಟು ಸಮಾಧಾನ ಎಂದು ಮನಸ್ಸಿಗೆ ಬಂದದ್ದು ನಿಜ.

“ಒಂದು ಚುಕ್ಕಿ ಅದೆ. ಕಪ್ಪು. ಎಂತದು ಅಂತ ನಂಗೆ ಗೊತ್ತಾಗೂದಿಲ್ಲ. ತೋರಿಸ್ವ.”

ಅವಳು ಕೈ ಹಿಂದೆ ತಂದು ಆ ಜಾಗ ಮುಟ್ಟಲು ನೋಡಿದಳು. ಬೆರಳು ಬೇರೆಲ್ಲೋ ಹೋಯಿತು. ಅವಳ ಬೆರಳನ್ನು ಹಿಡಿದು ಚುಕ್ಕಿಯ ಮೇಲೆ ಇಟ್ಟೆ. ಅವಳು ಕೈ ಕಿತ್ತುಕೊಳ್ಳಲಿಲ್ಲ.

“ಬೆಳಗಿನ ಗಾಡಿ ಸಿಗ್ತದಾ?” ಎಂದಳು.

ಇಬ್ಬರೂ ಹೋದೆವು. ಅದು ಹಳೆಯ ಮಚ್ಚೆಯೇ ಎಂದರು ವೈದ್ಯರು. ತೋರಿಸಿದ್ದು ಒಳ್ಳೆಯದಾಯಿತು ಎಂದೂ ಹೇಳಿದರು. ಮರಳಿ ಬರುವಾಗ ಬಸ್ಸು ತುಂಬಿತ್ತು. ಅವಳಿಗೆ ಮುಂದೆ ಹೆಂಗಸರ ಬದಿಯಲ್ಲಿ ಸೀಟು ಸಿಕ್ಕಿತು, ನನಗೆ ಕೊನೆಯ ಸಾಲಿನಲ್ಲಿ. ನಡುವೆ ಒಮ್ಮೆ ಪಕ್ಕದವರು ಇಳಿದು ಅವಳ ಪಕ್ಕ ಖಾಲಿಯಾಯಿತು. ಅವಳು ಹಿಂದೆ ತಿರುಗಿ ನೋಡಲಿಲ್ಲ. ಅಲ್ಲಿ ಬೇರೆ ಯಾರೋ ಬಂದು ಕೂತರು.

ಮನೆಗೆ ಬಂದ ಮೇಲೆ ಕಾಲು ತೊಳೆಯುತ್ತ, “ಮುಂದಿನ ತಿಂಗಳೂ ನೀವೇ ನೋಡಿ. ಅವ್ರು ಬರೂ ತನಕ,” ಎಂದಳು.

ಪಕ್ಕದ ಮನೆಯಾಕೆ ಮಳೆಗಾಲಕ್ಕೆ ಮುಂಚೆ ಮರಳಿ ಬಂದರು. ಅಲ್ಲಿಯ ತನಕ ನಾನೇ ನೋಡಿದೆ.